ತುಪ್ಪಳದ ಬುಡ ನೋಡಿ ಕೊಳ್ಳಿ: ನಮ್ಮೂರ ಚಳಿಗೆ ನಕಲಿ ಫರ್ ಆರಿಸುವ ಬಗೆ

ಮಾಗಿ ಚಳಿ ಶುರುವಾದರೆ ಸಾಕು, ಮೈಸೂರಿನ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಗಳ ಬಾಗಿಲಲ್ಲಿ ತುಪ್ಪಳದ ಕಾಲರ್ ಇರುವ ಜಾಕೆಟ್‌ಗಳು ನೇತಾಡತೊಡಗುತ್ತವೆ. ಮಕ್ಕಳ ಟೋಪಿಯ ತುದಿಗೆ ಮೆತ್ತನೆಯ ಚೆಂಡು, ಕಾಲೇಜು ಹುಡುಗಿಯರ ಬ್ಯಾಗಿನ ಜಿಪ್‌ಗೆ ಇನ್ನೊಂದು ಚೆಂಡು, ರಿಸೆಪ್ಷನ್‌ನಲ್ಲಿ ರೇಷ್ಮೆ ಸೀರೆಯ ಮೇಲೆ ಬಿಳಿ ಫರ್ ಸ್ಟೋಲ್. ನೋಡಲು ಚೆಂದ, ಮುಟ್ಟಲು ಇನ್ನೂ ಚೆಂದ. ಅದು ಯಾವುದರಿಂದ ಮಾಡಿದ್ದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಸಿಗುವ ಉತ್ತರ ಒಂದೇ: "ಒರಿಜಿನಲ್ ಮೇಡಂ, ಫಸ್ಟ್ ಕ್ವಾಲಿಟಿ." ಗಿರಾಕಿಗೆ ಅದು ಕೇಳಿ ಖುಷಿಯಾಗುತ್ತದೆ ಅಂತ ಅಂಗಡಿಯವರ ಲೆಕ್ಕ. ಫರ್ ವಿಷಯದಲ್ಲಿ ನನ್ನ ಲೆಕ್ಕ ಉಲ್ಟಾ. ಪ್ರಾಣಿಯ ತೊಗಲು ಬೇಡ, ನಕಲಿಯೇ ಬೇಕು ಅಂತ ಕೇಳಿ, ಕೈಯಾರೆ ಪರೀಕ್ಷೆ ಮಾಡಿ ತರಬೇಕು. ಅದನ್ನು ಹೇಗೆ ಮಾಡುವುದು, ತಂದ ಮೇಲೆ ಹೇಗೆ ಬಾಳಿಸುವುದು ಅನ್ನುವುದೇ ಈ ಲೇಖನ.

ಮೊದಲು: ಎಷ್ಟು ಫರ್ ಬೇಕು ಅಂತ ನೋಡಿಕೊಳ್ಳಿ

ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 16–17 ಡಿಗ್ರಿ ಇರುತ್ತದೆ. ಕೆಲವು ದಿನ ಇನ್ನೂ ಕೆಳಗಿಳಿಯುತ್ತದೆ. ಮಂಡ್ಯದ ಕಡೆ ನಾಲೆ ಏರಿ ಮೇಲೆ, ಕಬ್ಬಿನ ಗದ್ದೆ ನಡುವೆ ಬೈಕಿನಲ್ಲಿ ಹೋಗುವವರಿಗೆ ಥಂಡಿ ಇನ್ನೂ ಜಾಸ್ತಿ ಹೊಡೆಯುತ್ತದೆ, ಮಂಜು ಬೇರೆ. ಆದರೆ ಹತ್ತೂವರೆ, ಹನ್ನೊಂದಕ್ಕೆ ಬಿಸಿಲು ಚುರುಕಾಗುತ್ತದೆ. ಮಧ್ಯಾಹ್ನ 27–28 ಡಿಗ್ರಿ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹಿತವಾಗಿದ್ದ ಜಾಕೆಟ್ ಮಧ್ಯಾಹ್ನದ ಬಸ್ಸಿನಲ್ಲಿ ಬೆವರಿನ ಚೀಲ ಆಗಿಬಿಡುತ್ತದೆ.

ಹಾಗಾಗಿ ಇಲ್ಲಿ ಮೈತುಂಬ ಫರ್ ಇರುವ ಕೋಟ್ ಕೊಳ್ಳುವುದು ಸುಮ್ನೆ ದುಡ್ಡು ದಂಡ. ಕಾಲರ್‌ಗೆ, ತೋಳಿನ ತುದಿಗೆ, ಹುಡ್‌ನ ಅಂಚಿಗೆ ಇದ್ದರೆ ಸಾಕು. ಗುಂಡಿ ಅಥವಾ ಜಿಪ್ ಹಾಕಿ ಬಿಚ್ಚಿಡಬಹುದಾದ ಕಾಲರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬಿಸಿಲೇರಿದಾಗ ಬಿಚ್ಚಿ ಬ್ಯಾಗಿಗೆ ಹಾಕಬಹುದು, ಒಗೆಯುವಾಗ ಬೇರೆಯಾಗಿ ಒಗೆಯಬಹುದು. ಹೊಲಿದು ಅಂಟಿಸಿದ ಕಾಲರ್ ಇದ್ದರೆ ಇಡೀ ಜಾಕೆಟ್ಟನ್ನು ಫರ್‌ಗೆ ಹೊಂದಿಸಿಕೊಂಡೇ ಒಗೆಯಬೇಕಾಗುತ್ತದೆ.

ಊಟಿಗೆ ಹೋಗುವವರ ಕಥೆ ಬೇರೆ. ಜನವರಿಯ ರಾತ್ರಿ ಅಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವುದುಂಟು. ಆಗಲೂ ಮೈ ಬೆಚ್ಚಗಿಡುವುದು ಜಾಕೆಟ್ಟಿನ ಒಳಗಿನ ತುಂಬುವಿಕೆ ಮತ್ತು ಅದರಡಿಯ ಸ್ವೆಟರ್. ಕುತ್ತಿಗೆಯ ಹತ್ತಿರ ಗಾಳಿ ನುಗ್ಗದ ಹಾಗೆ ತಡೆಯುವಷ್ಟು ಕೆಲಸ ಮಾತ್ರ ಫರ್ ಕಾಲರ್‌ದು. ಅದನ್ನು ನಕಲಿಯೂ ಚೆನ್ನಾಗಿಯೇ ಮಾಡುತ್ತದೆ. ಗುಲ್ಮಾರ್ಗ್, ಮನಾಲಿ ಪ್ರವಾಸಕ್ಕೆ ಅಂತಲೇ ಕೋಟ್ ಕೊಳ್ಳುವವರಿದ್ದಾರೆ. ಬೇಡ. ಗುಲ್ಮಾರ್ಗ್‌ಗೆ ಹತ್ತುವ ಮೊದಲು ತಂಗ್‌ಮಾರ್ಗ್‌ನಲ್ಲಿ ಉದ್ದ ಕೋಟ್, ಬೂಟು ಎಲ್ಲವೂ ಬಾಡಿಗೆಗೆ ಸಿಗುತ್ತದೆ. ಮನಾಲಿಯಲ್ಲೂ ಅಷ್ಟೇ. ಒಂದು ದಿನದ ಹಿಮಕ್ಕೆ ವರ್ಷವಿಡೀ ಬೀರು ತುಂಬಿಸಿಕೊಳ್ಳುವುದು ಯಾಕೆ?

ಅಸಲಿ ಯಾಕೆ ಬೇಡ

ಮೊದಲ ಕಾರಣ ಪ್ರಾಣಿಗಳದ್ದೇ. ಜಗತ್ತಿನ ಮಾರುಕಟ್ಟೆಗೆ ಬರುವ ಫರ್‌ನಲ್ಲಿ ಬಹುಪಾಲು ಕಾಡಿನಿಂದ ಬಂದದ್ದಲ್ಲ. ಸಾಕಣೆ ಕೇಂದ್ರಗಳಲ್ಲಿ ತಂತಿ ಪಂಜರದೊಳಗೆ ಬೆಳೆಸಿದ ಮಿಂಕ್, ನರಿ, ರಕೂನ್ ನಾಯಿ (ನಾಯಿಯ ಕುಟುಂಬದ ಒಂದು ಕಾಡುಪ್ರಾಣಿ), ಮೊಲಗಳದ್ದು. ಮಿಂಕ್ ನಮ್ಮ ಕಾವೇರಿಯ ನೀರುನಾಯಿಯ ಸಂಬಂಧಿ. ನೀರಿನಲ್ಲಿ ಈಜಿ ಬೇಟೆಯಾಡುವ ಪ್ರಾಣಿ. ಅದು ಹುಟ್ಟಿದಾಗಿನಿಂದ ಸಾಯುವವರೆಗೆ ಒಂದು ಪಂಜರ ಬಿಟ್ಟು ಬೇರೇನೂ ನೋಡುವುದಿಲ್ಲ. ತೊಗಲಿಗೆ ಗಾಯ ಆಗಬಾರದು ಅಂತ ಮಿಂಕ್‌ಗಳನ್ನು ಗ್ಯಾಸ್ ಹಾಯಿಸಿ, ನರಿಗಳನ್ನು ಕರೆಂಟ್ ಕೊಟ್ಟು ಕೊಲ್ಲುತ್ತಾರೆ. ಒಂದು ಉದ್ದ ಕೋಟಿಗೆ ಹತ್ತಾರು ಮಿಂಕ್ ಬೇಕು.

2020ರಲ್ಲಿ ಡೆನ್ಮಾರ್ಕ್‌ನ ಮಿಂಕ್ ಕೇಂದ್ರಗಳಲ್ಲಿ ಕೊರೊನಾ ವೈರಸ್ ರೂಪ ಬದಲಿಸಿಕೊಂಡು ಮನುಷ್ಯರಿಗೂ ಹಬ್ಬಿತು. ಅಲ್ಲಿನ ಸರ್ಕಾರ ದೇಶದಲ್ಲಿದ್ದ ಎಲ್ಲ ಮಿಂಕ್‌ಗಳನ್ನೂ, ಅಂದರೆ ಒಂದೂವರೆ ಕೋಟಿಗೂ ಹೆಚ್ಚು ಪ್ರಾಣಿಗಳನ್ನು, ಕೊಲ್ಲಲು ಹೇಳಿತು. ಇದರ ಮೊದಲಿನಿಂದಲೂ ಕಾನೂನುಗಳು ಬದಲಾಗುತ್ತಾ ಬಂದಿವೆ. ಇಂಗ್ಲೆಂಡ್ ಮತ್ತು ವೇಲ್ಸ್ 2000ದಲ್ಲೇ ಫರ್ ಸಾಕಣೆ ನಿಲ್ಲಿಸುವ ಕಾನೂನು ತಂದವು. ಇಸ್ರೇಲ್ 2021ರಲ್ಲಿ ಫ್ಯಾಷನ್‌ಗಾಗಿ ಫರ್ ಮಾರುವುದನ್ನೇ ನಿಷೇಧಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಹೊಸ ಫರ್ ಬಟ್ಟೆ ಮಾರುವಂತಿಲ್ಲ. ನಮ್ಮ ದೇಶವೂ 2017ರ ಜನವರಿಯಲ್ಲಿ ಮಿಂಕ್, ನರಿ, ಚಿಂಚಿಲ್ಲಾಗಳ ಹದ ಮಾಡದ ತೊಗಲಿನ ಆಮದು ನಿಲ್ಲಿಸಿತು. ಇಟಲಿಯ ದುಬಾರಿ ಫ್ಯಾಷನ್ ಕಂಪನಿ ಗೂಚಿ ಅದೇ ವರ್ಷ ಫರ್ ಬಿಡುವುದಾಗಿ ಹೇಳಿತು. ಕೆನಡಾಕ್ಕೆ ಓದಲು ಹೋದ ನಮ್ಮ ಹುಡುಗರು ಆಸೆಪಟ್ಟು ಕೊಳ್ಳುವ ಕೆನಡಾ ಗೂಸ್ ಜಾಕೆಟ್‌ನ ಹುಡ್‌ಗೆ ಕಯೋಟಿ ಅನ್ನುವ ತೋಳದ ಜಾತಿಯ ಪ್ರಾಣಿಯ ಫರ್ ಇರುತ್ತಿತ್ತು. ಆ ಕಂಪನಿಯೂ 2021ರಲ್ಲಿ ಫರ್ ನಿಲ್ಲಿಸುವ ತೀರ್ಮಾನ ಮಾಡಿತು. ಅಷ್ಟು ಚಳಿಯ ನಾಡಿನವರೇ ಬಿಟ್ಟರು, ಮೈಸೂರಿನವರಿಗೆ ಬೇಕಾ?

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆಯೂ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಅವರ ನಾಡಿನಲ್ಲಿ ಹಬ್ಬದ ದಿನ ತೊಡುವ ಚುಬಾ ಅನ್ನುವ ನಿಲುವಂಗಿಗೆ ಹುಲಿ, ಚಿರತೆ, ನೀರುನಾಯಿಯ ತೊಗಲಿನ ಅಂಚು ಹಾಕುವ ಪದ್ಧತಿ ಇತ್ತು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಅನ್ನುವ ಬೌದ್ಧ ಸಮಾರಂಭದಲ್ಲಿ ದಲೈ ಲಾಮಾ ಇದನ್ನು ಬಿಡಿ ಅಂದರು. ಮುಂದಿನ ಕೆಲವೇ ವಾರಗಳಲ್ಲಿ ಟಿಬೆಟ್‌ನ ಹಲವು ಕಡೆ ಜನ ತಮ್ಮ ಬೆಲೆಬಾಳುವ ತೊಗಲಿನ ಅಂಚುಗಳನ್ನು ಕಿತ್ತು ರಾಶಿ ಹಾಕಿ ಸುಟ್ಟರು. ಚಳಿ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡನೇ ಕಾರಣ ನಮ್ಮ ಹವೆ. ಇದನ್ನು ಯಾರೂ ಹೇಳುವುದಿಲ್ಲ. ಅಸಲಿ ಫರ್ ಅಂದರೆ ಹದ ಮಾಡಿದ ತೊಗಲಿಗೆ ಅಂಟಿಕೊಂಡಿರುವ ಕೂದಲು. ಬೇಸಿಗೆಯಲ್ಲಿ ಅದನ್ನು ತಂಪಾದ, ತೇವ ಹಿಡಿತದಲ್ಲಿರುವ ಕೋಣೆಯಲ್ಲಿ ಇಡಬೇಕು. ಚಳಿ ದೇಶಗಳಲ್ಲಿ ಅದಕ್ಕೆಂದೇ ಬಾಡಿಗೆ ಕೋಣೆಗಳಿವೆ. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ತೊಗಲು ಒಣಗಿ ಬಿರುಕು ಬಿಡುತ್ತದೆ. ಆಷಾಢದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕೂದಲು ಉದುರತೊಡಗಿದರೆ ಮತ್ತೆ ರಿಪೇರಿ ಇಲ್ಲ. ಹುಳುವಿಗೂ ಅದು ಬಲು ಇಷ್ಟ. ಉಣ್ಣೆ ತಿನ್ನುವ ಹುಳುಗಳೇ ಫರ್ ಅನ್ನೂ ತಿನ್ನುತ್ತವೆ.

ಬೆಲೆ ನೋಡಿ ಮೋಸ ಹೋಗಬೇಡಿ

"ಇನ್ನೂರು ರೂಪಾಯಿಗೆ ಅಸಲಿ ಫರ್ ಎಲ್ಲಿಂದ ಬರಬೇಕು? ನಕಲಿಯೇ ಇರಬೇಕು ಬಿಡಿ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇದೇ ದೊಡ್ಡ ಮೋಸ. ಮೊಲದ ತೊಗಲು, ರಕೂನ್ ನಾಯಿಯ ತೊಗಲು ಹೊರದೇಶದ ಸಾಕಣೆ ಕೇಂದ್ರಗಳಿಂದ ಬಹಳ ಅಗ್ಗಕ್ಕೆ ಸಿಗುತ್ತದೆ. ಚೂರುಪಾರು ತೊಗಲಿನಲ್ಲಿ ಬ್ಯಾಗಿನ ಚೆಂಡು, ಟೋಪಿಯ ಗೊಂಡೆ, ಚಪ್ಪಲಿಯ ಅಲಂಕಾರ ಮಾಡುತ್ತಾರೆ. ಒಳ್ಳೆ ನಕಲಿ ಫರ್‌ಗಿಂತ ಇದೇ ಅಗ್ಗ ಬೀಳುವುದುಂಟು.

ನಕಲಿ ಅಂತ ಹೇಳಿ ಅಸಲಿ ಮಾರಿದ ಪ್ರಕರಣಗಳು ದೊಡ್ಡ ದೊಡ್ಡ ಕಡೆಯೇ ನಡೆದಿವೆ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದ್ದೇ ಆರೋಪದ ಮೇಲೆ ನೀಮನ್ ಮಾರ್ಕಸ್ ಸೇರಿ ಮೂರು ಮಾರಾಟ ಸಂಸ್ಥೆಗಳ ವಿರುದ್ಧ ಕ್ರಮ ಕೈಗೊಂಡಿತು. ಅಲ್ಲೇ ಹಾಗಿರುವಾಗ, ಆನ್‌ಲೈನ್‌ನಲ್ಲಿ ಎಲ್ಲಿಂದಲೋ ಬರುವ ಕೀಚೈನ್ ಚೆಂಡಿನ ಮೇಲೆ 'ಫಾಕ್ಸ್ ಫರ್' ಅಂತ ಬರೆದಿದ್ದರೆ ನಂಬುವುದು ಹೇಗೆ? ಇಂಗ್ಲಿಷಿನಲ್ಲಿ ನಕಲಿ ಫರ್‌ಗೆ faux fur, ನರಿಯ ಫರ್‌ಗೆ fox fur, ಬರೆದದ್ದು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಕನ್ನಡದಲ್ಲಿ ಬರೆದರಂತೂ ಗೊತ್ತೇ ಆಗುವುದಿಲ್ಲ. ಹಾಗಾಗಿ ಹೆಸರು ಬಿಡಿ, ಕೈ ಹಾಕಿ ನೋಡಿ.

ಬುಡ ನೋಡುವುದು ಹೇಗೆ

ಅಂಗಡಿಯಲ್ಲಿ ಬೆಳಕಿನ ಕಡೆಗೆ ತಿರುಗಿ ನಿಲ್ಲಿ. ಬಾಗಿಲ ಹತ್ತಿರದ ಹಗಲು ಬೆಳಕಾದರೆ ಒಳ್ಳೆಯದು. ತುಪ್ಪಳವನ್ನು ಎರಡೂ ಹೆಬ್ಬೆರಳಿನಿಂದ ಬೈತಲೆ ತೆಗೆದ ಹಾಗೆ ಎರಡು ಕಡೆಗೆ ಸರಿಸಿ, ಬುಡ ಕಾಣುವಷ್ಟು ಅಗಲಿಸಿ. ನಕಲಿಯಾದರೆ ಕೆಳಗೆ ಬಟ್ಟೆ ಕಾಣುತ್ತದೆ. ಹೆಣಿಗೆಯ ಸಣ್ಣ ಸಣ್ಣ ಕುಣಿಕೆಗಳು, ಅಥವಾ ಅಡ್ಡ ಉದ್ದ ಎಳೆಗಳು, ಅವುಗಳ ನಡುವಿನಿಂದ ಕೂದಲು ಗುಂಪು ಗುಂಪಾಗಿ ಎದ್ದಿರುವುದು. ಅಸಲಿಯಾದರೆ ಕೆಳಗೆ ತೊಗಲು. ಬಿಳಿ, ಕಂದು, ಇಲ್ಲವೇ ಬಣ್ಣ ಹಾಕಿದ ನುಣುಪಾದ ಚರ್ಮ. ಅದರಿಂದ ಕೂದಲು ಒಂದೊಂದಾಗಿ ಹುಟ್ಟಿದ ಹಾಗಿರುತ್ತದೆ.

ಆಮೇಲೆ ತುದಿ ನೋಡಿ. ಒಂದೇ ಒಂದು ಉದ್ದ ಕೂದಲನ್ನು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಪ್ರಾಣಿಯ ಕೂದಲು ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗಿ ಮೊನಚಾಗುತ್ತದೆ. ನಕಲಿಯ ಕೂದಲು ಬಹಳಷ್ಟು ಸಲ ಕತ್ತರಿ ಹಾಕಿದಂತೆ ಮೊಂಡಾಗಿರುತ್ತದೆ. ಇದನ್ನೊಂದೇ ನಂಬಬೇಡಿ. ದುಬಾರಿ ನಕಲಿಯಲ್ಲಿ ತುದಿಯನ್ನೂ ಮೊನಚು ಮಾಡಿರುತ್ತಾರೆ. ಅಸಲಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದ್ದರೆ ಅದರ ತುದಿಯೂ ಮೊಂಡಾಗಿರುತ್ತದೆ. ಉದ್ದ ಕೂದಲಿನ ಕೆಳಗೆ ಹತ್ತಿಯಂಥ ನವಿರು ಒಳತುಪ್ಪಳ ದಟ್ಟವಾಗಿದ್ದರೆ ಅನುಮಾನ ಪಡಿ.

ಗುಂಡುಸೂಜಿ ಪರೀಕ್ಷೆ ಕೊಂಡ ಮೇಲೆ ಮನೆಯಲ್ಲಿ ಮಾಡುವುದು ಒಳ್ಳೆಯದು. ಒಳಭಾಗದಿಂದ ಸೂಜಿ ಚುಚ್ಚಿ. ಬಟ್ಟೆಯಾದರೆ ಸಲೀಸಾಗಿ ಇಳಿಯುತ್ತದೆ. ತೊಗಲಾದರೆ ತಡೆಯುತ್ತದೆ, ಕೈಗೆ ಗೊತ್ತಾಗುತ್ತದೆ.

ಸಂಶಯ ಉಳಿದರೆ ಸುಟ್ಟು ನೋಡುವುದು. ಮೂರು ನಾಲ್ಕು ಕೂದಲು ಕಿತ್ತು ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟುಕೊಂಡು ಬೆಂಕಿಕಡ್ಡಿ ತಾಗಿಸಿ. ತಲೆಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಿಗೆ ಪುಡಿಯಾದರೆ ಅದು ಪ್ರಾಣಿಯದು. ಪ್ಲಾಸ್ಟಿಕ್ ವಾಸನೆ ಬಂದು, ಕರಗಿ, ಆರಿದ ಮೇಲೆ ಗಟ್ಟಿ ಗುಂಡಾದರೆ ನಕಲಿ. ಜಾಕೆಟ್ಟಿನ ಮೇಲೇ ಕಡ್ಡಿ ಹಿಡಿಯಲು ಹೋಗಬೇಡಿ. ಕಿತ್ತ ಕೂದಲಿಗೆ ಮಾತ್ರ.

ಎರಡು ಕಡೆ ಈ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಒಂದು, ಕುರಿಯ ಉಣ್ಣೆಯನ್ನೋ ಮೋಹೇರ್ ಅನ್ನುವ ಮೇಕೆಯ ಕೂದಲನ್ನೋ ಬಟ್ಟೆಯ ಮೇಲೆ ತುಪ್ಪಳದ ಹಾಗೆ ನೇಯ್ದದ್ದು. ಸುಟ್ಟರೆ ಕೂದಲಿನ ವಾಸನೆ ಬರುತ್ತದೆ, ಬುಡದಲ್ಲಿ ಮಾತ್ರ ಬಟ್ಟೆ ಇರುತ್ತದೆ. ಅದು ಕತ್ತರಿಸಿ ತೆಗೆದ ಉಣ್ಣೆ, ತೊಗಲಲ್ಲ. ಇನ್ನೊಂದು ಇದಕ್ಕೆ ಉಲ್ಟಾ. ಮೊಲದ ತೊಗಲನ್ನು ಸಣ್ಣ ಪಟ್ಟಿಗಳಾಗಿ ಸೀಳಿ ಬಲೆ ಬಟ್ಟೆಗೆ ಹೆಣೆದಿರುತ್ತಾರೆ. ಮೇಲ್ನೋಟಕ್ಕೆ ಬುಡದಲ್ಲಿ ದಾರ ಕಾಣುತ್ತದೆ. ಕೂದಲು ಆ ದಾರದಿಂದಲೇ ಹೊರಟಿದೆಯೋ, ಪಕ್ಕದ ತೊಗಲಿನ ಪಟ್ಟಿಯಿಂದಲೋ ಅಂತ ಕಣ್ಣು ಹಾಯಿಸಿ.

ಬ್ಯಾಗಿನ ಚೆಂಡಿಗೆ ಬುಡ ನೋಡುವುದು ಕಷ್ಟ. ದಾರ ಕಟ್ಟಿರುವ ಜಾಗದಲ್ಲಿ ತುಪ್ಪಳ ಸರಿಸಿ ನೋಡಿ, ಅಲ್ಲೇ ಹೊಲಿಗೆ ಬಾಯಿ ಇರುತ್ತದೆ. ಗೊತ್ತಾಗದಿದ್ದರೆ ಬಿಟ್ಟುಬಿಡಿ. ಉಲ್ಲನ್ ದಾರ ಸುತ್ತಿ ಕತ್ತರಿಸಿದ ಗೊಂಡೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೇ ಮಾಡುತ್ತಾರೆ ಅಲ್ವಾ.

ಲೇಬಲ್ ಓದುವಾಗ

ಲೇಬಲ್‌ನಲ್ಲಿ ಆಕ್ರಿಲಿಕ್, ಮೋಡಾಕ್ರಿಲಿಕ್, ಪಾಲಿಯೆಸ್ಟರ್ ಅಂತಿದ್ದರೆ ನಕಲಿ. ಆದರೆ 'ಪಾಲಿಯೆಸ್ಟರ್ 100%' ಅನ್ನುವುದು ಜಾಕೆಟ್ಟಿನ ಮೈಗೆ ಮಾತ್ರ ಅನ್ವಯಿಸಿ, ಕಾಲರ್ ಬಗ್ಗೆ ಒಂದಕ್ಷರ ಇಲ್ಲದೆ ಇರುವುದೂ ಉಂಟು. ಕಾಲರ್‌ಗೆ ಬೇರೆ ಸಾಲು ಇದೆಯಾ ಅಂತ ನೋಡಿ. ಲಪಿನ್ ಅಂದರೆ ಮೊಲ. ಏಷ್ಯಾಟಿಕ್ ರಕೂನ್ ಅಂದರೆ ರಕೂನ್ ನಾಯಿ. ಶಿಯರ್ಲಿಂಗ್ ಅಂದರೆ ಉಣ್ಣೆ ಸಮೇತ ಇರುವ ಕುರಿ ತೊಗಲು. ಅದರಂತೆ ಕಾಣುವ ಶೆರ್ಪಾ ಬಟ್ಟೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಯುರೋಪಿನಿಂದ ಬಂದ ಬಟ್ಟೆಯಲ್ಲಿ 'ಪ್ರಾಣಿಮೂಲದ, ಬಟ್ಟೆಯಲ್ಲದ ಭಾಗಗಳಿವೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇದ್ದರೆ, ಅದು ತೊಗಲು, ಫರ್, ಮೂಳೆಯ ಗುಂಡಿ ಇಂಥ ಏನೋ ಇದೆ ಅನ್ನುವ ಸೂಚನೆ.

ಆನ್‌ಲೈನ್ ಆದರೆ ವಾಪಸ್ ತೆಗೆದುಕೊಳ್ಳುತ್ತಾರಾ ನೋಡಿಯೇ ಆರ್ಡರ್ ಮಾಡಿ. ಬಂದ ದಿನವೇ, ಟ್ಯಾಗ್ ಕೀಳುವ ಮೊದಲು, ಬುಡ ಪರೀಕ್ಷಿಸಿ ಫೋಟೊ ತೆಗೆದಿಡಿ. ನಕಲಿ ಅಂತ ಹೇಳಿ ಅಸಲಿ ಕಳಿಸಿ, ವಾಪಸ್ ಪಡೆಯಲು ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ ಮತ್ತು ಆ ಫೋಟೊ ಆಗ ಕೆಲಸಕ್ಕೆ ಬರುತ್ತವೆ.

ಕಾಶ್ಮೀರ ಪ್ರವಾಸಕ್ಕೆ ಹೋಗುವವರಿಗೆ ಒಂದು ಮಾತು, ಇದು ಫರ್ ಅಲ್ಲದಿದ್ದರೂ. ಪಶ್ಮೀನಾ ಶಾಲು ಮೇಕೆಯ ಒಳತುಪ್ಪಳವನ್ನು ಬಾಚಿ ತೆಗೆದು ನೇಯ್ದದ್ದು, ಮೇಕೆ ಬದುಕಿರುತ್ತದೆ. ಗುಟ್ಟಾಗಿ ತೋರಿಸುವ ಶಹತೂಷ್ ಶಾಲು ಚಿರು ಅನ್ನುವ ಟಿಬೆಟಿನ ಹುಲ್ಲೆಯನ್ನು ಕೊಂದೇ ಮಾಡಬೇಕಾದದ್ದು. ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿ. ಅದನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಉಂಗುರದಲ್ಲಿ ತೂರಿಸಿ ತೋರಿಸಿದರೆ ಮರುಳಾಗಬೇಡಿ. ನವಿರಾದ ಪಶ್ಮೀನಾ ಕೂಡ ತೂರುತ್ತದೆ.

ನಕಲಿಯಲ್ಲೂ ಒಳ್ಳೆಯದು, ಕೆಟ್ಟದ್ದು

ನಕಲಿ ಫರ್ ಅಂದರೆ ಕಡೆಗೂ ಪ್ಲಾಸ್ಟಿಕ್ ಎಳೆ. ಪೆಟ್ರೋಲಿಯಂನಿಂದ ಬಂದದ್ದು, ಮಣ್ಣಿನಲ್ಲಿ ಕರಗದು, ಒಗೆದಾಗಲೆಲ್ಲ ಸಣ್ಣ ಎಳೆಗಳು ನೀರಿಗೆ ಹೋಗುತ್ತವೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಗಿಡಮೂಲದ ಎಳೆ ಬೆರೆಸಿದ ನಕಲಿ ಫರ್ ಬಂದಿದೆ, ನಮ್ಮ ಪೇಟೆಗೆ ಇನ್ನೂ ದೂರ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಕಡಿಮೆ ಕೊಳ್ಳುವುದು, ಗಟ್ಟಿಯಾದದ್ದು ಕೊಳ್ಳುವುದು, ಹತ್ತು ವರ್ಷ ತೊಡುವುದು. ಪ್ರತಿ ಚಳಿಗಾಲಕ್ಕೆ ಒಂದು ಹೊಸದು ಅನ್ನುವವರಿಗೆ ನಕಲಿಯೂ ಒಳ್ಳೆಯ ಆಯ್ಕೆ ಅಲ್ಲ.

ಗಟ್ಟಿ ಯಾವುದು? ತುಪ್ಪಳದ ಮೇಲೆ ಅಂಗೈ ಇಟ್ಟು ಎರಡು ಸಲ ಗಟ್ಟಿಯಾಗಿ ಉಜ್ಜಿ. ಕೈಗೆ ಕೂದಲು ಅಂಟಿದರೆ ಬೇಡ. ಮುಷ್ಟಿಯಲ್ಲಿ ಹಿಡಿದು ಹಿಸುಕಿ ಬಿಡಿ. ತಾನಾಗಿ ಎದ್ದು ನಿಂತರೆ ಒಳ್ಳೆಯದು, ಹಾಗೇ ಬಿದ್ದುಕೊಂಡರೆ ಒಂದೇ ಚಳಿಗಾಲಕ್ಕೆ ಜಡೆಗಟ್ಟುತ್ತದೆ. ಅತಿಯಾದ ಮಿರುಗು ಅಗ್ಗದ ಎಳೆಯ ಗುರುತು. ಬುಡದ ಬಟ್ಟೆ ಮೇಲಿನಿಂದಲೇ ಕಾಣುವಷ್ಟು ತೆಳ್ಳಗಿದ್ದರೂ ಬೇಡ. ನಮ್ಮ ಊರಿಗೆ ಒಂದು, ಒಂದೂವರೆ ಸೆಂಟಿಮೀಟರ್ ಉದ್ದದ ತುಪ್ಪಳ ಸರಿ. ಉದ್ದ ಜಾಸ್ತಿಯಾದಷ್ಟೂ ದೂಳು ಕೂರುತ್ತದೆ, ಹೆಲ್ಮೆಟ್ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಟೇಲರ್ ಹತ್ತಿರ ಹೊಲಿಸುವುದಾದರೆ

ನನ್ನ ಓಟು ಇದಕ್ಕೇ. ಮನೆಯಲ್ಲಿ ಈಗಾಗಲೇ ಇರುವ ಸಾದಾ ಜಾಕೆಟ್ಟಿಗೋ ಉಲ್ಲನ್ ಕೋಟಿಗೋ ನಕಲಿ ಫರ್ ಕಾಲರ್ ಹೊಲಿಸಿ. ಹೊಸ ಜಾಕೆಟ್ ಕೊಳ್ಳುವ ಖರ್ಚು ಉಳಿಯುತ್ತದೆ, ಬಟ್ಟೆಯ ಬುಡ ನೀವೇ ನೋಡಿರುತ್ತೀರಿ. ಈ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ದೊಡ್ಡ ಬಟ್ಟೆ ಅಂಗಡಿಗಳಲ್ಲಿ, ಕುಶನ್ ಕವರ್, ಗೊಂಬೆಯ ಬಟ್ಟೆ ಇಡುವವರ ಹತ್ತಿರ "ಫರ್ ಬಟ್ಟೆ" ಅಂತ ಕೇಳಿ. ಪನ್ನ ಸಾಮಾನ್ಯವಾಗಿ ಒಂದೂವರೆ ಮೀಟರ್ ಅಗಲ ಇರುತ್ತದೆ, ಹಾಗಾಗಿ ಒಂದು ಕಾಲರ್ ಮತ್ತು ತೋಳಿನ ಅಂಚಿಗೆ ಕಾಲು ಮೀಟರ್ ಸಾಕು.

ಬ್ಲೌಸ್ ಹೊಲಿಯುವ ಟೇಲರ್‌ಗೆ ಈ ಬಟ್ಟೆ ಅಭ್ಯಾಸ ಇರುವುದಿಲ್ಲ. ಪಕ್ಕದಲ್ಲಿ ನಿಂತು ಹೇಳಬೇಕು. "ಅಣ್ಣಾ, ಕತ್ತರಿ ಹಾಕಬೇಡಿ, ಬ್ಲೇಡಿನಲ್ಲಿ ಹಿಂದಿನಿಂದ ಕೊಯ್ಯಿರಿ" ಅಂತ ಮೊದಲೇ ಅಂದುಬಿಡಿ. ಬಟ್ಟೆಯನ್ನು ತುಪ್ಪಳ ಕೆಳಗೆ ಮಾಡಿ ಹಾಸಿ, ಹಿಂಭಾಗದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬುಡದ ಬಟ್ಟೆ ಮಾತ್ರ ತುಂಡಾಗುವ ಹಾಗೆ ಬ್ಲೇಡ್ ಎಳೆಯಬೇಕು. ಕತ್ತರಿ ಹಾಕಿದರೆ ತುಪ್ಪಳವೂ ಒಂದೇ ಗೆರೆಯಲ್ಲಿ ಕತ್ತರಿಸಿ ಹೋಗುತ್ತದೆ, ಅಂಚು ಬೋಳಿಸಿದಂತೆ ಕಾಣುತ್ತದೆ, ಅಂಗಡಿಯೆಲ್ಲ ಕೂದಲು ಹಾರುತ್ತದೆ.

ತುಪ್ಪಳಕ್ಕೆ ಒಂದು ದಿಕ್ಕಿದೆ. ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ನುಣುಪಿನ ದಿಕ್ಕು ಕೆಳಮುಖ ಇರಬೇಕು. ಕಾಲರ್‌ನ ಎಡಕ್ಕೂ ಬಲಕ್ಕೂ ದಿಕ್ಕು ಹೊಂದಬೇಕು, ಇಲ್ಲವಾದರೆ ಬೆಳಕಿಗೆ ಎರಡು ಬಣ್ಣದ ಹಾಗೆ ತೋರುತ್ತದೆ. ಹೊಲಿಯುವ ಮೊದಲು ಅಂಚಿನ ಕೂದಲನ್ನು ಒಳಗೆ ತಳ್ಳಿ, ಗುಂಡುಸೂಜಿಗೆ ಬದಲು ಬಟ್ಟೆ ಕ್ಲಿಪ್ಪು ಹಾಕಿ. ತುಪ್ಪಳದೊಳಗೆ ಗುಂಡುಸೂಜಿ ಮರೆತುಹೋದರೆ ಕುತ್ತಿಗೆಗೆ ಚುಚ್ಚುತ್ತದೆ. 16 ನಂಬರ್ ಸೂಜಿ, ಮೂರೂವರೆ ನಾಲ್ಕು ಮಿಲಿಮೀಟರ್ ಉದ್ದದ ಹೊಲಿಗೆ. ಹೊಲಿದಾದ ಮೇಲೆ ಮೇಲ್ಭಾಗದಿಂದ ದಬ್ಬಳದ ತುದಿಯಿಂದ, ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಒಂದೊಂದೇ ಎಬ್ಬಿಸಿ. ಈ ಕೆಲಸಕ್ಕೆ ತಾಳ್ಮೆ ಬೇಕು, ಟೇಲರ್ ಮಾಡುವುದಿಲ್ಲ, ಮನೆಯಲ್ಲಿ ಟಿವಿ ಮುಂದೆ ಕೂತು ನೀವೇ ಮಾಡಿ. ಮುಗಿದಾಗ ಹೊಲಿಗೆ ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ. ಇಸ್ತ್ರಿ ಮಾತ್ರ ಮುಟ್ಟಿಸಕೂಡದು. ಟೇಲರ್‌ಗಳು ಅಭ್ಯಾಸಬಲದಿಂದ ಕೊನೆಗೆ ಒಮ್ಮೆ ಇಸ್ತ್ರಿ ಎಳೆದುಬಿಡುತ್ತಾರೆ, ಎಳೆ ಕರಗಿ ಅಂಟಿಕೊಳ್ಳುತ್ತದೆ.

ಕಾಲರ್ ಒಳಬದಿಗೆ ಹತ್ತಿಯ ಲೈನಿಂಗ್ ಕೊಡಿಸಿ. ಕುತ್ತಿಗೆ ಬೆವರುವುದು ಕಡಿಮೆಯಾಗುತ್ತದೆ.

ಬೆಂಕಿ

ಆಕ್ರಿಲಿಕ್, ಪಾಲಿಯೆಸ್ಟರ್ ಎಳೆ ಬೆಂಕಿಗೆ ಬೇಗ ತುತ್ತಾಗುತ್ತದೆ. ಉರಿಯುತ್ತಾ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮೋಡಾಕ್ರಿಲಿಕ್ ಸ್ವಲ್ಪ ತಡೆಯುತ್ತದೆ. ನಮ್ಮ ಚಳಿಗಾಲ ಬೆಂಕಿಯ ಕಾಲವೂ ಹೌದು. ಸಂಕ್ರಾಂತಿ ಸಂಜೆ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಕಿಚ್ಚು ಹಾಯಿಸುವಾಗ ಹುಲ್ಲಿನ ಕಿಡಿ ಎಲ್ಲೆಲ್ಲೋ ಹಾರುತ್ತದೆ, ದನ ಎತ್ತ ಓಡುತ್ತವೋ ಗೊತ್ತಿಲ್ಲ. ಫರ್ ಜಾಕೆಟ್ ಹಾಕಿಸಿದ ಮಕ್ಕಳನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿ ನಿಲ್ಲಬೇಡಿ. ಕೊಡಗಿನ ಹೋಂಸ್ಟೇಯಲ್ಲಿ ರಾತ್ರಿ ಬೆಂಕಿ ಸುತ್ತ ಕೂರುವಾಗ ಅದನ್ನು ಬಿಚ್ಚಿ ಕಂಬಳಿ ಹೊದ್ದುಕೊಳ್ಳಿ. ಉಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ದೇವರ ಮನೆಯ ದೀಪ, ಗ್ಯಾಸ್ ಒಲೆಯ ಹತ್ತಿರ ತೋಳಿನ ಅಂಚಿನ ಫರ್ ಮೇಲೆ ಕಣ್ಣಿರಲಿ.

ಒಗೆಯುವುದು, ಎತ್ತಿಡುವುದು

ಪದೇ ಪದೇ ಒಗೆಯಬೇಡಿ. ಹೊರಗೆ ಕೊಡವಿ, ಕೊಳೆಯಾದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಹಳ ದಿನ ನಡೆಯುತ್ತದೆ. ಒಗೆಯಲೇಬೇಕಾದಾಗ ತಣ್ಣೀರಿಗೆ ಸ್ವಲ್ಪ ಶಾಂಪೂ ಹಾಕಿ, ಹತ್ತು ನಿಮಿಷ ಅದ್ದಿ, ಕೈಯಲ್ಲಿ ಒತ್ತಿ ತೆಗೆಯಿರಿ. ಬ್ರಷ್ ಹಾಕಿ ತಿಕ್ಕುವುದು, ಒಗೆಯುವ ಕಲ್ಲಿಗೆ ಬಡಿಯುವುದು ಬೇಡ. ಹಿಂಡಲೂ ಬಾರದು. ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೀರುತ್ತದೆ. ಮಷಿನ್‌ಗೆ ಹಾಕುವುದಾದರೆ ಬಲೆ ಚೀಲದಲ್ಲಿ, ತಣ್ಣೀರಿನಲ್ಲಿ. ನೆರಳಿನಲ್ಲಿ ಒಣಗಿಸಿ. ಅರೆ ಒಣಗಿದಾಗ ನಾಯಿಗೆ ಬಾಚುವ ತಂತಿ ಬಾಚಣಿಗೆಯಿಂದ, ಇಲ್ಲವೇ ಅಗಲ ಹಲ್ಲಿನ ಬಾಚಣಿಗೆಯಿಂದ ತುಪ್ಪಳದ ದಿಕ್ಕಿಗೇ ಬಾಚಿ. ಹೇರ್ ಡ್ರೈಯರ್ ಬಿಸಿಗಾಳಿ ಬೇಡ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅದಾದ ಮೇಲೆ ಎತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ಹಳೆಯ ಹತ್ತಿ ದಿಂಬಿನ ಗವಸು ಸಾಕು. ಮೇಲೆ ಭಾರ ಹೇರಬೇಡಿ, ತುಪ್ಪಳ ಮಲಗಿಬಿಡುತ್ತದೆ. ನುಸಿಗುಳಿಗೆ ಬೇಕಾಗಿಲ್ಲ, ಈ ಎಳೆಯನ್ನು ಹುಳು ತಿನ್ನುವುದಿಲ್ಲ. ಪಕ್ಕದಲ್ಲಿ ಉಣ್ಣೆ ಸ್ವೆಟರ್ ಇದ್ದರೆ ಅದಕ್ಕೆ ಬೇಕು.

ಮನೆಯಲ್ಲಿ ಹಳೆಯ ತೊಗಲು ಇದ್ದರೆ

ಮೈಸೂರಿನಲ್ಲಿ ಇದನ್ನು ಹೇಳದೆ ಮುಗಿಸುವಂತಿಲ್ಲ. ಸುಮಾರು 1900ರಿಂದ 1999ರವರೆಗೆ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇದೇ ಊರಿನಲ್ಲಿತ್ತು. ಬೇಟೆಯಾಡಿದ ಹುಲಿ, ಚಿರತೆಗಳ ತೊಗಲು ಹದ ಮಾಡಿ, ಜೀವ ಇರುವ ಹಾಗೆ ತುಂಬಿಸಿ ಕೊಡುವುದರಲ್ಲಿ ಅದು ಜಗತ್ತಿಗೇ ಹೆಸರುವಾಸಿ. ಹಾಗಾಗಿ ಇಲ್ಲಿನ ಹಳೆಯ ಮನೆಗಳ ಅಟ್ಟದಲ್ಲಿ ಚಿರತೆ ತೊಗಲು, ಜಿಂಕೆ ತೊಗಲು ಇರುವುದು ಆಶ್ಚರ್ಯವಲ್ಲ. ಅದನ್ನು ಕತ್ತರಿಸಿ ಕಾಲರ್ ಮಾಡಿಸೋಣ, ಯಾರಿಗಾದರೂ ಮಾರೋಣ ಅನ್ನುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಒಡೆತನದ ಪ್ರಮಾಣಪತ್ರ ಇಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ. ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ಹುಲಿ, ಚಿರತೆಯಂಥ ಪ್ರಾಣಿಯದಾದರೆ ಮೂರರಿಂದ ಏಳು ವರ್ಷ ಜೈಲು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಆದಾಗ ರಾಜ್ಯಕ್ಕೆಲ್ಲ ಇದು ಗೊತ್ತಾಯಿತು. ಅಜ್ಜನ ಕಾಲದ ಕಾಗದಪತ್ರ ಹುಡುಕಿ, ವಕೀಲರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಹೋಗಿ. ಮೈಸೂರಿನಲ್ಲಿ ಅಶೋಕಪುರಂನ ಅರಣ್ಯ ಭವನ.

ವಿದೇಶದಿಂದ ಬರುವ ಮಗಳೋ ಅಳಿಯನೋ "ಅತ್ತೆ, ಅಲ್ಲಿ ಹಳೆಯ ಮಿಂಕ್ ಕೋಟ್ ಅಗ್ಗಕ್ಕೆ ಸಿಗುತ್ತೆ, ತರ್ತೀನಿ" ಅಂದರೆ, ಅವರು ವಿಮಾನ ಹತ್ತುವ ಮೊದಲೇ ಬೇಡ ಅಂದುಬಿಡಿ. ಆಷಾಢ ಬಂದಾಗ ಅದನ್ನು ಎಲ್ಲಿಡುವುದು ಅಂತ ಅವರು ಹೇಳಲಾರರು.